ದ್ರೌಪದಮ್ಮನ ಹಾಜರಿ

ಕೊಡಿಗೇಹಳ್ಳಿಯ ಊರ ಕೆರೆಗೆ ನೀರಗಂಟಿಯಾಗಿದ್ದವನು ಮುನಿರಾಮಯ್ಯ. ನೀರಗಂಟಿ ಎಂದರೆ ತೂಬು ಎತ್ತಿ, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವವನು. ಏರಿಯ ಮೇಲೆ ಒಂದು ಗಡಿಗೆ, ಗಡಿಗೆಯ ತುಂಬ ನೀರು, ಆ ನೀರಿನ ಮೇಲೆ ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು. ಬಟ್ಟಲು ತುಂಬಿ ಮುಳುಗಿದರೆ ಒಂದು ಗಳಿಗೆ. ಯಾರ ಗದ್ದೆಗೆ ಎಷ್ಟು ಬಟ್ಟಲು ಎಂಬುದು ಮುನಿರಾಮಯ್ಯನ ನಾಲಿಗೆಯ ಮೇಲಿತ್ತು. ಒಂದು ವರ್ಷ ಪಟೇಲರು ತಮ್ಮ ಗದ್ದೆಗೆ ಅರ್ಧ ಬಟ್ಟಲು ಹೆಚ್ಚು ಬಿಡು ಎಂದು ಹೇಳಿಕಳಿಸಿದರಂತೆ. "ಆಗ್ಲಿ, ಅವ್ರ ಮನೆ ಬಟ್ಟಲನ್ನೇ ತರ್ಲಿ. ಅದ್ರಲ್ಲೇ ಅಳೀತೀನಿ. ತೂತು ಮಾತ್ರ ನಾನೇ ಕೊರೀತೀನಿ" ಎಂದು ಇವನು ಹೇಳಿಕಳಿಸಿದ. ಪಟೇಲರ ಮನೆಯಿಂದ ಬಟ್ಟಲು ಬರಲಿಲ್ಲ. ಇನ್ನೊಂದು ವರ್ಷ ಏರಿ ಬಿರುಕು ಬಿಟ್ಟಾಗ ತನ್ನ ಗುಡಿಸಲಿನ ಹುಲ್ಲನ್ನೇ ಕಿತ್ತು ತಂದು ಬಿರುಕಿಗೆ ತುರುಕಿದ. ಕೆರೆ ಉಳಿಯಿತು. ಗುಡಿಸಲು ಆ ಮಳೆಗಾಲವೆಲ್ಲ ಸೋರಿತು. ಊರಿನವರು ಅವನನ್ನು ಬಾಯಿ ತುಂಬ ಹೊಗಳಿದರು, ಹುಲ್ಲು ಮಾತ್ರ ಒಬ್ಬರೂ ಕೊಡಲಿಲ್ಲ.

ಅವನ ಮಗ ವೆಂಕಟಸ್ವಾಮಿ ಅಪ್ಪನಿಗಿಂತ ಒಂದು ಗೇಣು ಹೆಚ್ಚೇ ಹಟಮಾರಿ. ಅವನ ಕಾಲಕ್ಕೆ ಗದ್ದೆಗಳು ಸೈಟುಗಳಾದವು. ಸೈಟಾದರೇನು, ಸರದಿ ಸರದಿಯೇ ಎಂದು ಅವನು ತೂಬು ಎತ್ತುವುದನ್ನು ಬಿಡಲಿಲ್ಲ. ಹೊಸ ಬಡಾವಣೆಯಲ್ಲಿ ಮನೆಗೆ ಪಾಯ ತೋಡಿಸಿದ್ದ ಇಂಜಿನಿಯರೊಬ್ಬರು ಬೆಳಿಗ್ಗೆ ಬಂದು ನೋಡಿದರೆ ಪಾಯದಲ್ಲಿ ಮೊಣಕಾಲುದ್ದ ನೀರು, ನೀರಿನಲ್ಲಿ ಎರಡು ಕಪ್ಪೆ. ಏರಿಗೆ ಬಂದು ಕೂಗಾಡಿದ ಅವರಿಗೆ ವೆಂಕಟಸ್ವಾಮಿ ಶಾಂತವಾಗಿ, "ಇವತ್ತು ಮಂಗಳವಾರ ಸ್ವಾಮಿ, ಆ ಗದ್ದೆಗೆ ನೀರಿನ ಸರದಿ. ನಿಮ್ಮನ್ನ ಅಲ್ಲಿ ಮನೆ ಕಟ್ಟು ಅಂದೋರ್ಯಾರು?" ಎಂದ. ಮೂರನೇ ತಿಂಗಳಿಗೆ ತೂಬಿಗೇ ಸಿಮೆಂಟು ಹಾಕಿ ಮುಚ್ಚಿದರು. ವೆಂಕಟಸ್ವಾಮಿ ಆಮೇಲೂ ಎರಡು ವರ್ಷ ಮಂಗಳವಾರ ಮಂಗಳವಾರ ಅಲ್ಲಿಗೆ ಹೋಗಿ ಕೂತು ಬರುತ್ತಿದ್ದ.

ಈ ವೆಂಕಟಸ್ವಾಮಿಯ ಒಬ್ಬಳೇ ಮಗಳು ದ್ರೌಪದಮ್ಮ. ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ಅಪ್ಪನ ಹಿಂದೆ ಏರಿಗೆ ಹೋಗುವ ಕೆಲಸ ಇವಳ ಪಾಲಿಗೆ ಬಂತು. ಶಾಲೆ ಮೂರನೇ ತರಗತಿಗೇ ಮುಗಿದಿತ್ತು. ಆದರೂ ಬಟ್ಟಲು ಮುಳುಗುವ ಹೊತ್ತನ್ನು ಬಟ್ಟಲಿಲ್ಲದೆ ಬಾಯಲ್ಲೇ ಎಣಿಸಿ ಹೇಳಬಲ್ಲಳು. ಎಡ ಹುಬ್ಬಿನ ಮೇಲೆ ಉದ್ದನೆಯ ಗಾಯದ ಗೆರೆಯಿದೆ, ತೂಬಿನ ಕಬ್ಬಿಣದ ಸಲಾಕೆ ಜಾರಿ ಬಡಿದದ್ದು. ಗದ್ದದ ಮೇಲೆ ಕಡಲೆಕಾಳಿನಷ್ಟು ಮಚ್ಚೆ. ಎಲೆಅಡಿಕೆ ಒತ್ತರಿಸಿ ಒತ್ತರಿಸಿ ಬಲಗೆನ್ನೆ ಎಡಗೆನ್ನೆಗಿಂತ ಒಂದು ಸುತ್ತು ದಪ್ಪ. ಹೆಣ್ಣುಮಗಳ ಮುಖವನ್ನು ಹೀಗೆ ಬಿಡಿಸಿ ಹೇಳುವುದು ಮರ್ಯಾದೆಯಲ್ಲ. ಆದರೆ ಮುಂದಿನ ರಾದ್ಧಾಂತವೆಲ್ಲ ಈ ಮೂರರಿಂದಲೇ ಆದದ್ದು, ಹೇಳದೆ ವಿಧಿಯಿಲ್ಲ.

ಮದುವೆಯಾದದ್ದು ಎರಡು ಬೀದಿ ಆಚೆಗೆ. ಗಂಡ ರಾಮಕೃಷ್ಣಪ್ಪ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಮಾಲಿಯಾಗಿದ್ದ, ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡಿದವನಲ್ಲ. ಮಕ್ಕಳು ದೊಡ್ಡವರಾದ ಮೇಲೆ ದ್ರೌಪದಮ್ಮ ಸಹಕಾರನಗರದ ಪಕ್ಕದ ಒಂದು ಖಾಸಗಿ ಕಾಲೇಜಿಗೆ ಕೆಲಸಕ್ಕೆ ಸೇರಿದಳು. ಜಾಹೀರಾತು, ಸಿನಿಮಾ, ಫೋಟೋ ಕಲಿಸುವ ಕಾಲೇಜು. ನೆಲ ಒರೆಸುವುದು, ಟೀ ಕೊಡುವುದು, ಆಫೀಸಿನ ಕಾಗದಗಳನ್ನು ಕೊಠಡಿಯಿಂದ ಕೊಠಡಿಗೆ ಒಯ್ಯುವುದು ಅವಳ ಕೆಲಸ. ಹೀಗೆ ಗುತ್ತಿಗೆಯ ಮೇಲೆ ಸೇರಿದವರು ಅಲ್ಲಿ ಎಷ್ಟು ಹಳಬರಾದರೂ ಸಂಬಳ, ರಜೆ ಎಲ್ಲ ಹೊಸಬರಷ್ಟೇ. ಸಿಗುವ ಬಡ್ತಿ ಒಂದೇ: ಹದಿನೈದು ವರ್ಷ ದಾಟಿದವರ ಕೈಗೆ ಫೋಟೋ ಸ್ಟುಡಿಯೋದ ಬೀಗದ ಕೈ ಕೊಡುತ್ತಾರೆ. ದ್ರೌಪದಮ್ಮನಿಗೆ ಹದಿನೆಂಟಾಗಿತ್ತು. ಅವಳು ಆ ಬೀಗದ ಕೈಯನ್ನು ತಾಳಿಯ ಪಕ್ಕದಲ್ಲೇ ನೇತುಹಾಕಿಕೊಂಡಿದ್ದಳು.

ಸ್ಟುಡಿಯೋ ಎಂದರೆ ಕಿಟಕಿಗಳಿಗೆ ಕಪ್ಪು ಪರದೆ ಬಿಟ್ಟ ದೊಡ್ಡ ಕೋಣೆ. ಮೂಲೆಯಲ್ಲೊಂದು ನಲ್ಲಿ, ಅದರ ಕೆಳಗೆ ಸಿಮೆಂಟಿನ ತೊಟ್ಟಿ. ಪ್ರತಿ ವರ್ಷ ಹೊಸ ಹುಡುಗರು ಬಂದ ಮೇಲೆ ಅಲ್ಲಿ ನಡೆಯುವ ಮೊದಲ ಪಾಠ ನೀರಿನದು. ಒಬ್ಬರು ಚೊಂಬಿನಿಂದ ನೀರು ಎರಚಬೇಕು, ಉಳಿದವರು ಶಟರ್ ವೇಗ ಬದಲಿಸುತ್ತ ಫೋಟೋ ಹೊಡೆಯಬೇಕು. ಕ್ಯಾಮೆರಾ ಕಣ್ಣು ರೆಪ್ಪೆ ಬಡಿದಷ್ಟೇ ತೆರೆದರೆ ಹನಿಗಳು ಗಾಜಿನ ಗೋಲಿಯಂತೆ ಗಾಳಿಯಲ್ಲಿ ನಿಲ್ಲುತ್ತವೆ, ನಿಧಾನವಾಗಿ ತೆರೆದರೆ ನೀರೆಲ್ಲ ಹೊಗೆಯಾಗುತ್ತದೆ. ಹದಿನೆಂಟು ವರ್ಷ ಆ ನೀರನ್ನು ಎರಚಿದವಳು ದ್ರೌಪದಮ್ಮ. ಅವಳು ಎರಚಿದರೆ ಪ್ರತಿ ಸಲವೂ ಅಷ್ಟೇ ಎತ್ತರ, ಅಷ್ಟೇ ದೂರ. ಕಾಲೇಜಿನ ಗೋಡೆಯ ಮೇಲೆ ಬಹುಮಾನ ಬಂದ ಮೂರು ಫೋಟೋಗಳಲ್ಲಿ ಅವಳ ಕೈ ಇದೆ. ಕೆಳಗೆ ಹೊಡೆದವರ ಹೆಸರು, ಕ್ಯಾಮೆರಾದ ಹೆಸರು, ಲೆನ್ಸಿನ ಹೆಸರು ಎಲ್ಲ ಬರೆದಿದ್ದಾರೆ.

ಕಳೆದ ವರ್ಷದ ತಂಡದಲ್ಲಿ ಯಲಹಂಕದ ಶಿವರಾಮ್ ಎಂಬ ಹುಡುಗನಿದ್ದ, ಆರ್.ಟಿ. ನಗರದ ಜೋಯಾ ಎಂಬ ಹುಡುಗಿಯಿದ್ದಳು. ಇಬ್ಬರೂ ಒಂದೇ ಕ್ಯಾಮೆರಾಕ್ಕೆ ಕಚ್ಚಾಡುವ ಸ್ನೇಹಿತರು. ನೀರಿನ ಪಾಠದ ದಿನ ಶಿವರಾಮನಿಗೆ ಹನಿ ನಿಲ್ಲಿಸುವ ಆತುರ. ಶಟರ್ ವೇಗ ಏರಿಸಿದ್ದೇ ಏರಿಸಿದ್ದು. ಬಂದ ಫೋಟೋ ನೋಡಿದರೆ ಕಾಡಿಗೆ.

"ಜೋಯಾ, ಫುಲ್ ಕಪ್ಪು ಕಣೇ. ಕ್ಯಾಮೆರಾನೇ ಹೋಗಿದೆ."

"ಕ್ಯಾಮೆರಾ ಸರಿಯಾಗಿದೆ ಗುರು, ಹೋಗಿರೋದು ನಿನ್ ತಲೆ."

ಚೊಂಬು ಹಿಡಿದು ನಿಂತಿದ್ದ ದ್ರೌಪದಮ್ಮ ಸೆರಗು ಹಿಂಡಿಕೊಂಡಳು. "ಇನ್ನೂ ಎಷ್ಟು ಚೊಂಬು ಎರಚ್ಬೇಕಪ್ಪಾ? ನಂಗೇನು ಇದು ಓಕುಳೀನಾ? ಎಷ್ಟೊತ್ತು ಕಣ್ಣು ಬಿಡ್ತದೆ ಅದು?"

"ಒಂದು ಸೆಕೆಂಡನ್ನ ಎರಡು ಸಾವಿರ ಭಾಗ ಮಾಡಿದ್ರೆ, ಅದ್ರಲ್ಲಿ ಒಂದು ಭಾಗ ಅಮ್ಮಾ."

"ಮೊದ್ಲು ಎಷ್ಟಿತ್ತು?"

"ಅರವತ್ತರಲ್ಲಿ ಒಂದು."

"ಬಾಯಿ?"

"ಬಾಯಾ?"

"ಅದೇ ಕಣಪ್ಪ, ಒಳಗಡೆ ತೂತು. ಮೇಡಮ್ಮೋರು ಎಫ್ಫು ಎಫ್ಫು ಅಂತಾರಲ್ಲ."

"ಅದು ಮೊದ್ಲು ಎಷ್ಟಿತ್ತೋ ಅಷ್ಟೇ ಇದೆ."

"ಅಯ್ ನಿನ್ನ! ತೂಬು ತೆಗ್ದಿರೋ ಒತ್ತು ಕಮ್ಮಿ ಮಾಡ್ದೆ, ಸರಿ. ತೂಬಿನ ಬಾಯಿ ಅಗ್ಲ ಮಾಡ್ಬೇಕೋ ಬ್ಯಾಡ್ವೋ? ಗದ್ದೆ ಒಣಗ್ದೆ ಇನ್ನೇನಾಯ್ತದೆ?"

ಶಿವರಾಮ್ ಬಾಯಿ ಅಗಲ ಮಾಡಿದ, ಮೊದಲು ತನ್ನದು, ಆಮೇಲೆ ಲೆನ್ಸಿನದು. ಹನಿಗಳು ಒಂದೊಂದಾಗಿ ನಿಂತವು. ಜೋಯಾ ಬಿಡಲಿಲ್ಲ. "ಹಂಗಾದ್ರೆ ಐಎಸ್‌ಒ ಏನಮ್ಮಾ? ಸೆನ್ಸರ್ ಎಷ್ಟು ಬೇಗ ಬೆಳಕು ಹೀರತ್ತೆ ಅನ್ನೋದು?"

"ಅದು ಮಣ್ಣು ಕಣವ್ವ. ಒಂದೊಂದು ಮಣ್ಣು ಬೇಗ ಈರ್ತದೆ, ಒಂದೊಂದು ನಿಧಾನ. ನೀರು ಬಿಡೋನು ಮಣ್ಣು ನೋಡ್ದೆ ಬಿಡ್ತಾನಾ?"

ಅವರ ಗುರುಗಳಾದ ಸ್ಮಿತಾ ಮೇಡಂ ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲಿ ಹೇಳಿದ್ದು ಹೀಗೆ ಎರಡು ನಿಮಿಷಕ್ಕೆ ತಲೆಗೆ ಹೋಯಿತು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಾಗ ಶಿವರಾಮ್ ಉತ್ಸಾಹದಿಂದ ತೂಬಿನ ಚಿತ್ರ ಬರೆದು ವಿವರಿಸಿದ. ಹತ್ತಕ್ಕೆ ಎರಡು ಅಂಕ ಬಂತು, ಪಕ್ಕದಲ್ಲಿ 'ವಿಷಯಕ್ಕೆ ಸಂಬಂಧಿಸಿದ್ದಲ್ಲ' ಎಂಬ ಷರಾ.

ಜೋಯಾಳದು ಇನ್ನೊಂದು ಪ್ರಯೋಗ. ಲೆನ್ಸಿನ ಮುಂದೆ ಕಪ್ಪು ಗಾಜು ಸಿಕ್ಕಿಸಿ, ಹಗಲು ಹೊತ್ತಿನಲ್ಲೇ ಕಾಲೇಜಿನ ಪಡಸಾಲೆಯನ್ನು ಅರ್ಧ ನಿಮಿಷ ಒಂದೇ ಸಮನೆ ಹಿಡಿದಳು. ಆ ಅರ್ಧ ನಿಮಿಷದಲ್ಲಿ ದ್ರೌಪದಮ್ಮ ಈ ತುದಿಯಿಂದ ಆ ತುದಿಯವರೆಗೆ ನೆಲ ಒರೆಸುತ್ತ ಹೋದಳು. ಫೋಟೋದಲ್ಲಿ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ದ್ರೌಪದಮ್ಮ ಎಲ್ಲೂ ಇರಲಿಲ್ಲ. ಆಫೀಸು ನೋಡಿಕೊಳ್ಳುವ ಗದಗಿನ ಕಡೆಯ ವಿರೂಪಾಕ್ಷಪ್ಪನವರು ಕುರ್ಚಿಯಲ್ಲಿ ತೂಕಡಿಸುತ್ತಿದ್ದದ್ದು ಮಾತ್ರ ಮೀಸೆಯ ಒಂದೊಂದು ಕೂದಲೂ ಕಾಣುವಷ್ಟು ಸ್ಪಷ್ಟವಾಗಿ ಬಂದಿತ್ತು.

"ಓಡಾಡೋರು ಬರಲ್ಲ ಅಮ್ಮಾ, ಕದಲದೆ ಇರೋರು ಬರ್ತಾರೆ. ಅದೇ ಇದ್ರ ಮಜಾ" ಎಂದಳು ಜೋಯಾ.

"ಇದ್ಕೆ ಇಷ್ಟು ದೊಡ್ಡ ಮಿಷಿನ್ನು ಬೇಕಿತ್ತಾ? ನನ್ನ ಕೇಳಿದ್ರೆ ನಾನೇ ಏಳ್ತಿದ್ದೆ" ಎಂದಳು ದ್ರೌಪದಮ್ಮ.

ಅಷ್ಟರಲ್ಲಿ ಆ ವರ್ಷದ ಎಡಿಟಿಂಗ್ ಪಾಠ ಶುರುವಾಯಿತು. ಒಂದು ಮುಖದ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ತಿದ್ದಿ ತರಬೇಕು. ಶಿವರಾಮನಿಗೆ ತೂಬಿನ ಋಣ ತೀರಿಸುವ ಆಸೆ. ದ್ರೌಪದಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ಫೋಟೋ ತೆಗೆದ, ಮೂರು ಸಂಜೆ ಕೂತು ತಿದ್ದಿದ. ಪ್ರೀತಿ ಇರುವವರ ಕೈಗೆ ಇಂಥ ಕೆಲಸ ಕೊಡಬಾರದು. ಹಣೆಯ ಸುಕ್ಕು ಹೋಯಿತು. ಹುಬ್ಬಿನ ಗಾಯ ಹೋಯಿತು. ಮಚ್ಚೆಯನ್ನು ತೆಗೆಯಲೋ ಬೇಡವೋ ಎಂದು ಒಂದು ಗಂಟೆ ಯೋಚಿಸಿ, ತೆಗೆದ. ಬಲಗೆನ್ನೆಯನ್ನು ತಳ್ಳಿ ಎಡಗೆನ್ನೆಯ ಅಳತೆಗೆ ತಂದ. ಬಣ್ಣ ಎರಡು ಸುತ್ತು ತಿಳಿಯಾಯಿತು. ಮೇಡಂ ಹತ್ತಕ್ಕೆ ಒಂಬತ್ತೂವರೆ ಕೊಟ್ಟರು. ಹುಡುಗ ಒಂದು ಪ್ರತಿ ಪ್ರಿಂಟು ಹಾಕಿಸಿ ದ್ರೌಪದಮ್ಮನ ಕೈಗಿಟ್ಟ.

ಅವಳು ಅದನ್ನು ಮನೆಗೆ ಒಯ್ದು ಗಂಡನಿಗೆ ತೋರಿಸಿದಳು. ರಾಮಕೃಷ್ಣಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ಯಾರೇ ಇವ್ಳು?"

"ಕಣ್ಣು ಕಾಣಲ್ವಾ? ನಾನು ಕಣಯ್ಯೋ."

"ಓ," ಎಂದ ರಾಮಕೃಷ್ಣಪ್ಪ. ಇನ್ನೊಂದು ಸಲ ನೋಡಿ, "ಚೆನ್ನಾಗವ್ಳೆ" ಎಂದ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯನ್ನು ಹೊಗಳಿದ್ದು ಅದೇ ಮೊದಲು, ಅದೂ ಬೇರೆ ಹೆಂಗಸೆಂದುಕೊಂಡು. ದ್ರೌಪದಮ್ಮನಿಗೂ ಒಳಗೊಳಗೇ ಖುಷಿಯಾಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಫೋಟೋವನ್ನು ಕನ್ನಡಿಯ ಸಂದಿಗೆ ಸಿಕ್ಕಿಸಿಕೊಂಡಳು. ತಲೆ ಬಾಚುವಾಗ ಒಮ್ಮೆ ಕನ್ನಡಿ, ಒಮ್ಮೆ ಫೋಟೋ ನೋಡುತ್ತಿದ್ದಳು.

ಆ ತಿಂಗಳೇ ಕಾಲೇಜಿಗೆ ಮುಖ ನೋಡಿ ಹಾಜರಿ ಹಾಕುವ ಯಂತ್ರ ಬಂತು. ಕೆಲಸದವರೆಲ್ಲ ಒಂದೊಂದು ಫೋಟೋ ಕೊಡಬೇಕೆಂದು ವಿರೂಪಾಕ್ಷಪ್ಪ ಸುತ್ತೋಲೆ ಹೊರಡಿಸಿದರು. ಮುಖ ಸ್ವಚ್ಛವಾಗಿ ಕಾಣುವ ಫೋಟೋ ಬೇಕು ಎಂದಿತ್ತು. ದ್ರೌಪದಮ್ಮನ ಮುಖ ಅದಕ್ಕಿಂತ ಸ್ವಚ್ಛವಾಗಿ ಎಲ್ಲೂ ಕಂಡಿರಲಿಲ್ಲವಾದ್ದರಿಂದ ಶಿವರಾಮನೇ ಅದನ್ನು ಆಫೀಸಿಗೆ ಕಳಿಸಿಕೊಟ್ಟ.

ಮೊದಲ ದಿನ ಎಲ್ಲರೂ ಸಾಲಾಗಿ ನಿಂತು ಯಂತ್ರಕ್ಕೆ ಮುಖ ತೋರಿಸಿದರು. "ಸ್ವಾಗತ, ಹಾಜರಿ ದಾಖಲಾಗಿದೆ" ಎಂದು ಅದರೊಳಗಿನ ಹೆಣ್ಣುದನಿ ಒಬ್ಬೊಬ್ಬರನ್ನೇ ಒಳಗೆ ಬಿಟ್ಟಿತು. ದ್ರೌಪದಮ್ಮ ನಿಂತಾಗ ಒಂದು ಕ್ಷಣ ಯೋಚಿಸಿ, "ಗುರುತು ಸಿಗಲಿಲ್ಲ" ಎಂದಿತು.

"ಇನ್ನೊಮ್ಮೆ ತೋರಿಸ್ರಿ ದ್ರೌಪದಮ್ಮಾರ," ಎಂದರು ವಿರೂಪಾಕ್ಷಪ್ಪ. "ಸ್ವಲ್ಪ ನಗ್ರಿ."

ನಕ್ಕಳು. ಗುರುತು ಸಿಗಲಿಲ್ಲ. ಎಲೆಅಡಿಕೆ ಉಗುಳಿ ಬಂದಳು. ಸಿಗಲಿಲ್ಲ. ಹಣೆಯ ಕುಂಕುಮ ಚಿಕ್ಕದು ಮಾಡಿದಳು. ಸಿಗಲಿಲ್ಲ.

ಹೀಗೆ ಎರಡು ವಾರವಾಯಿತು. ವಿರೂಪಾಕ್ಷಪ್ಪ ದಿನಾ ಎರಡು ಹೊತ್ತು ಅವಳ ಕೈಯಿಂದಲೇ ಟೀ ಕುಡಿದು, ಲೋಟ ಅವಳ ಕೈಗೇ ಕೊಟ್ಟು, ಸಂಜೆ ಅವಳ ಹೆಸರಿನ ಮುಂದೆ ಗೈರು ಎಂದು ಬರೆಯುತ್ತಿದ್ದರು. ಹದಿನೈದನೇ ದಿನ ಕಂಪ್ಯೂಟರು ತಾನೇ ಒಂದು ನೋಟೀಸು ಹೊರಡಿಸಿತು: ಇಪ್ಪತ್ತೊಂದು ದಿನ ಸತತ ಗೈರಾದವರ ಹೆಸರು ತೆಗೆಯಲಾಗುವುದು. ಕಾಲೇಜಿನಲ್ಲಿ ನೋಟೀಸುಗಳನ್ನು ಸಂಬಂಧಪಟ್ಟವರಿಗೆ ತಲುಪಿಸುವ ಕೆಲಸ ದ್ರೌಪದಮ್ಮನದೇ. ಆದ್ದರಿಂದ ವಿರೂಪಾಕ್ಷಪ್ಪ ಆ ಲಕೋಟೆಯನ್ನೂ ಅವಳಿಗೇ ಕೊಟ್ಟು, ತಲುಪಿಸಿ ಸಹಿ ಹಾಕಿಸಿಕೊಂಡು ಬಾ ಎಂದರು. ದ್ರೌಪದಮ್ಮ ಹೊಸ್ತಿಲು ದಾಟಿ ಆಚೆ ಹೋದಳು, ತನಗೆ ತಾನೇ ಕೊಟ್ಟುಕೊಂಡಳು, ಪುಸ್ತಕದಲ್ಲಿ ಸಹಿ ಹಾಕಿ ತಂದಳು.

"ಏನಂದ್ರು?" ಎಂದರು ವಿರೂಪಾಕ್ಷಪ್ಪ ಅಭ್ಯಾಸಬಲದಿಂದ.

"ಏನೂ ಅನ್ನಲಿಲ್ಲ ಸಾ. ಪಾಪ, ಒಳ್ಳೆ ಎಂಗ್ಸು."

ಸುದ್ದಿ ಹುಡುಗರಿಗೆ ಮುಟ್ಟಿತು. ಫೋಟೋ ತಿದ್ದಿದ್ದರ ಫಲವೆಂದು ಶಿವರಾಮನಿಗೆ ಹೊಳೆದು ಅವನ ಮುಖ ಸಪ್ಪಗಾಯಿತು. ಯಂತ್ರದೊಳಗೆ ಇರುವುದು ಆ ಫೋಟೋ, ಎದುರಿಗೆ ಬರುವುದು ಈ ಮುಖ. ಹಾಗಾದರೆ ಮುಖವನ್ನೇ ಫೋಟೋದಂತೆ ಮಾಡಿದರಾಯಿತು ಎಂದು ಜೋಯಾ ತನ್ನ ಮೇಕಪ್ ಡಬ್ಬಿ ತಂದಳು. ಅರ್ಧ ಗಂಟೆ ಗಾಯ ಮುಚ್ಚಿ, ಮಚ್ಚೆ ಮುಚ್ಚಿ, ಬಿಳುಪು ಬಳಿದಳು. ಯಂತ್ರ ಒಪ್ಪಲಿಲ್ಲ. ಗೇಟಿನ ಕಾವಲುಗಾರ ಫಕೀರಪ್ಪನೂ ಒಪ್ಪಲಿಲ್ಲ. "ಯಾರ್ ಬೇಕಾಗಿತ್ರಿ ನಿಮಗ?" ಎಂದು ಕೇಳಿದ. ದ್ರೌಪದಮ್ಮ ನೇರ ತೊಟ್ಟಿಗೆ ಹೋಗಿ ಮುಖ ತೊಳೆದುಕೊಂಡಳು.

ಮಾರನೆಯ ದಿನ ಶಿವರಾಮ್ ಬೇಸರಕ್ಕೆ ಆ ಫೋಟೋದ ಇನ್ನೊಂದು ಪ್ರಿಂಟು ಹಾಕಿಸಿ ತಂದು, ಅದನ್ನೇ ಯಂತ್ರದ ಮುಂದೆ ಹಿಡಿದ. "ಸ್ವಾಗತ, ದ್ರೌಪದಮ್ಮ. ಹಾಜರಿ ದಾಖಲಾಗಿದೆ."

ಪಡಸಾಲೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ವಿರೂಪಾಕ್ಷಪ್ಪನವರಿಗೂ ತಲೆಯ ಮೇಲಿನ ಮೂಟೆ ಇಳಿದಂತಾಯಿತು. "ಮುಗೀತ್ ನೋಡ್ರಿ! ದಿನಾ ಇದನ್ನ ತೋರಿಸ್ರಿ, ಒಳಗ ಬರ್ರಿ" ಎಂದು ಅವರೇ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿಕೊಟ್ಟರು. ಹೆಸರು ಉಳಿಯಿತು. ದ್ರೌಪದಮ್ಮ ದಿನಾ ಬೆಳಿಗ್ಗೆ ಆ ಚೆಲುವೆಯನ್ನು ಯಂತ್ರಕ್ಕೆ ತೋರಿಸಿ, ಅವಳ ಹಿಂದೆ ತಾನು ಒಳಗೆ ಹೋಗುತ್ತಿದ್ದಳು. ಫೋಟೋ ಕಳೆದುಹೋದೀತೆಂದು ಜೋಯಾ ಅದನ್ನು ತನ್ನ ಬ್ಯಾಗಿನಲ್ಲೇ ಇಟ್ಟುಕೊಳ್ಳತೊಡಗಿದಳು.

ಹೀಗಿರುವಾಗ ಯಲಹಂಕದಲ್ಲಿ ದ್ರೌಪದಮ್ಮನ ನಾದಿನಿಯ ಮಗಳ ಗೃಹಪ್ರವೇಶ ಬಂತು. ದ್ರೌಪದಮ್ಮ ಒಂದು ದಿನ ರಜೆ ಹಾಕುತ್ತೇನೆಂದು ವಿರೂಪಾಕ್ಷಪ್ಪನವರಿಗೆ ಬಾಯಲ್ಲೇ ಹೇಳಿ ಹೋದಳು. ಸುಮ್ಮನೆ ಒಂದು ರಜೆ ಯಾಕೆ ಹೋಗಬೇಕು ಎಂದು ಜೋಯಾ ಒಳ್ಳೆಯ ಮನಸ್ಸಿನಿಂದ ಎಂಟು ಗಂಟೆಗೆ ಫೋಟೋ ತೋರಿಸಿಬಿಟ್ಟಳು. ದ್ರೌಪದಮ್ಮ ಹಾಜರಾದಳು. ಮಧ್ಯಾಹ್ನ ಶಿವರಾಮನ ಗುಂಪು ಆಫೀಸಿನಲ್ಲಿದ್ದ ಇನ್ನೊಂದು ಬೀಗದ ಕೈ ತಂದು ಸ್ಟುಡಿಯೋದಲ್ಲಿ ನಲ್ಲಿಯ ಹನಿ ಬೀಳುವುದನ್ನು ಹಿಡಿಯಲು ಹೋಯಿತು. ನಡುವೆ ನೀರು ನಿಂತುಹೋಯಿತು, ಹುಡುಗರು ನಲ್ಲಿ ತಿರುಗಿಸಿದ್ದನ್ನು ಮರೆತು ಊಟಕ್ಕೆ ಹೋದರು. ಆಮೇಲೆ ನೀರು ಬಂತು. ತೊಟ್ಟಿ ತುಂಬಿ, ನೆಲ ತುಂಬಿ, ಬಾಗಿಲ ಸಂದಿಯಿಂದ ಪಡಸಾಲೆಗೆ, ಪಡಸಾಲೆಯಿಂದ ಮೆಟ್ಟಿಲ ಮೇಲೆ ಇಳಿದು ಆಫೀಸಿನವರೆಗೂ ಹರಿಯಿತು.

ಮಾರನೆಯ ದಿನ ದ್ರೌಪದಮ್ಮ ಕೆಲಸಕ್ಕೆ ಬಂದಾಗ ಮೇಜಿನ ಮೇಲೆ ಇನ್ನೊಂದು ಲಕೋಟೆ ಕಾದಿತ್ತು. ಸ್ಟುಡಿಯೋದ ಜವಾಬ್ದಾರಿ ಹೊತ್ತು ಹಾಜರಿದ್ದೂ ನಲ್ಲಿ ಬಿಟ್ಟು ನೀರು ಪೋಲು ಮಾಡಿದ್ದಕ್ಕೆ ಕಾರಣ ಕೇಳುವ ನೋಟೀಸು. ಈ ಸಲ ಅವಳು ಸಹಿ ಹಾಕಲಿಲ್ಲ. ಜೋಯಾಳಿಂದ ಓದಿಸಿಕೊಂಡು, ಸೀದಾ ವಿರೂಪಾಕ್ಷಪ್ಪನವರ ಮುಂದೆ ನಿಂತಳು.

"ನಿನ್ನೆ ನಾನು ಬಂದಿರ್ಲಿಲ್ಲ ಸಾ. ನಿಮ್ಗೇ ಏಳೋಗಿದ್ದೆ."

"ಹೇಳಿದ್ರಿ, ನಾ ಎಲ್ಲಿ ಇಲ್ಲ ಅಂದೀನ್ರಿ? ಆದ್ರ ಕಂಪ್ಯೂಟರ್‌ನ್ಯಾಗ ಎಂಟು ಗಂಟೆ ಎರಡು ನಿಮಿಷಕ್ಕ ಬಂದೀರಿ ಅಂತೈತಿ."

"ನಾನು ಬಂದು ನೆಲ ಒರೆಸ್ದಾಗ ಬಂದಿಲ್ಲ ಅಂತು. ಊರಲ್ಲಿ ಇಲ್ದಾಗ ಬಂದವ್ಳೆ ಅಂತದೆ. ಇದ್ಕೇನು ನನ್ನ ಕಂಡ್ರೆ ಅಗೇನಾ?"

ಶಿವರಾಮ್ ಮುಂದೆ ಬಂದು, ನಲ್ಲಿ ಬಿಟ್ಟದ್ದು ತಾನೇ ಎಂದು ಒಪ್ಪಿಕೊಂಡ. ಅದರಿಂದಲೂ ಪ್ರಯೋಜನವಾಗಲಿಲ್ಲ. ಹುಡುಗರು ಬಿಟ್ಟರೂ, ಹಾಜರಿದ್ದ ಮೇಲೆ ನೋಡಿಕೊಳ್ಳಬೇಕಾದವಳು ಬೀಗದ ಕೈ ಇಟ್ಟುಕೊಂಡವಳು. ವಿರೂಪಾಕ್ಷಪ್ಪ ಕೆಟ್ಟವರಲ್ಲ, ದನಿ ತಗ್ಗಿಸಿ ಸಮಾಧಾನ ಹೇಳಿದರು. "ಸಹಿ ಹಾಕಿ ಬಿಡ್ರಿ ಅಮ್ಮಾರ. ತಪ್ಪಾತು ಅಂತ ಒಂದ್ ಗೆರಿ. ಶಿಕ್ಷಾ ಏನೂ ಇಲ್ಲ. ಫೈಲ್‌ನ್ಯಾಗ ಬಿದ್ದಿರ್ತೈತಿ, ಯಾರ್ ನೋಡ್ತಾರ?"

"ನೀರು ಪೋಲು ಮಾಡ್ದೆ ಅಂತ ನಾನು ಬರ್ಕೊಡೋದಾ?"

"ನಲ್ಲಿ ನೀರು ಅಮ್ಮಾರ. ಕೆರಿ ಒಡ್ದಿಲ್ಲ."

ದ್ರೌಪದಮ್ಮನ ಗಾಯದ ಗೆರೆ ಕೆಂಪಾಯಿತು. "ಬೇರೆ ಏನಾದ್ರೂ ಬರ್ಸಿ ಸಾ. ಕಳ್ತನ ಮಾಡ್ದೆ ಅಂತ ಬೇಕಾದ್ರೂ ಬರ್ಸಿ, ಸುಳ್ಳು ಅಂತ ಊರೇ ಏಳ್ತದೆ. ನೀರಿನ ಮಾತು ಮಾತ್ರ ಆಗಲ್ಲ. ಆವತ್ತು ನಾನು ಬಂದಿಲ್ಲ. ಬಂದಿಲ್ಲ ಅಂತ ಬರೀರಿ."

ವಿರೂಪಾಕ್ಷಪ್ಪ ತಲೆ ಕೆರೆದುಕೊಂಡು ಕಂಪ್ಯೂಟರು ಬಗೆದರು. ಒಂದು ದಾರಿಯಿತ್ತು. ಯಂತ್ರದಲ್ಲಿರುವ ಫೋಟೋ ಈ ಹೆಂಗಸಿನದಲ್ಲ, ನೋಂದಣಿಯೇ ತಪ್ಪು ಎಂದು ರದ್ದು ಮಾಡಿಸಬೇಕು. ಆಗ ಆ ದಿನದ ಹಾಜರಿಯೂ ಹೋಗುತ್ತದೆ, ನೋಟೀಸೂ ಹೋಗುತ್ತದೆ. ಆದರೆ ಹಳೆಯ ಹೆಸರೂ ಹೋಗುತ್ತದೆ. ನಿಜವಾದ ಮುಖದ ಫೋಟೋ ಕೊಟ್ಟು ಇವತ್ತಿನ ತಾರೀಖಿನಲ್ಲಿ ಹೊಸದಾಗಿ ಸೇರಬೇಕು. ಹೊಸಬರ ಕೈಗೆ ಸ್ಟುಡಿಯೋ ಬೀಗ ಕೊಡುವಂತಿಲ್ಲ. ಅವರಿಗೆ ಗೇಟಿನ ಅಂಗಳ ಮತ್ತು ಕೆಳಗಿನ ಬಚ್ಚಲುಗಳು.

"ಹದಿನೆಂಟು ವರ್ಷ ಹೋಗ್ತಾವ್ರಿ" ಎಂದರು.

"ಅವು ಆಗ್ಲೇ ಓಗವೆ ಸಾ. ರದ್ದು ಮಾಡಿ."

ಶಿವರಾಮ್ ಆ ರಾತ್ರಿ ಮಲಗಿದನೋ ಇಲ್ಲವೋ, ಬೆಳಿಗ್ಗೆ ಲ್ಯಾಪ್‌ಟಾಪು ತೆರೆದುಕೊಂಡೇ ಓಡಿಬಂದ. ಅವನೊಂದು ಉಪಾಯ ಕಂಡುಹಿಡಿದಿದ್ದ. ಯಂತ್ರ ಚಿಕ್ಕಪುಟ್ಟ ಬದಲಾವಣೆ ಒಪ್ಪುತ್ತದೆ. ತಿದ್ದಿದ ಫೋಟೋಗೆ ವಾರಕ್ಕೊಂದು ಸುಕ್ಕು ವಾಪಸು ಹಾಕುವುದು, ಆಮೇಲೆ ಕೂದಲೆಳೆಯಷ್ಟು ಗಾಯ, ಆಮೇಲೆ ಮಚ್ಚೆ, ಕೊನೆಗೆ ಕೆನ್ನೆ. ಹನ್ನೆರಡು ವಾರಕ್ಕೆ ಯಂತ್ರಕ್ಕೆ ಗೊತ್ತಾಗದ ಹಾಗೆ ನಿಜವಾದ ದ್ರೌಪದಮ್ಮ ಒಳಗೆ ಬಂದಿರುತ್ತಾಳೆ. ಹೆಸರೂ ಹೋಗುವುದಿಲ್ಲ, ಬೀಗದ ಕೈಯೂ ಹೋಗುವುದಿಲ್ಲ. ನೋಟೀಸಿಗೆ ಒಂದು ಸಹಿ ಹಾಕಿದರೆ ಸಾಕು.

ಅಷ್ಟು ಹೊತ್ತಿಗೆ ದ್ರೌಪದಮ್ಮ ಸ್ಟುಡಿಯೋ ಬಾಗಿಲು ತೆರೆದು ಕೆಲಸ ಶುರುಮಾಡಿದ್ದಳು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿದ್ದಳು. ಬೂದು ಪರದೆಯ ಮುಂದೆ ಸ್ಟೂಲು ಹಾಕಿದ್ದಳು. ಕಿಟಕಿಯ ಕಪ್ಪು ಪರದೆಯನ್ನು ಎರಡು ಗೇಣು ಸರಿಸಿ, ನೆಲದ ಮೇಲೆ ಬಿದ್ದ ಬೆಳಕನ್ನು ನೋಡಿ, ಮತ್ತೆ ಅರ್ಧ ಗೇಣು ಮುಚ್ಚಿದಳು. ಲೆನ್ಸಿನ ಬಾಯಿ ತಾನೇ ತಿರುಗಿಸಿದಳು, ವೇಗ ತಾನೇ ಇಟ್ಟಳು. ವಿರೂಪಾಕ್ಷಪ್ಪ ಹೊಸ ಅರ್ಜಿಯ ಹಾಳೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅನುಭವ ಎಂಬಲ್ಲಿ ಅವರೇ ದುಂಡಗೆ ಸೊನ್ನೆ ಬರೆದಿದ್ದರು.

"ಬೀಗದ ಕೈ ನಿಮ್ ಹತ್ರಾನ ಇರ್ಲಿ ಬಿಡ್ರಿ. ನಾ ಪುಸ್ತಕದಾಗ ಬರ್ಯಂಗಿಲ್ಲ" ಎಂದರು ಮೆತ್ತಗೆ.

ದ್ರೌಪದಮ್ಮ ಕೊರಳಿನಿಂದ ಬಿಚ್ಚಿದ ಬೀಗದ ಕೈಯನ್ನು ಆ ಹಾಳೆಯ ಮೇಲಿಟ್ಟಳು. ಕ್ಯಾಮೆರಾ ತಾನೇ ಹೊಡೆದುಕೊಳ್ಳುವ ಗುಂಡಿ ಒತ್ತಿ ಬಂದು ಸ್ಟೂಲಿನ ಮೇಲೆ ಕೂತಳು. ಹತ್ತು ಎಣಿಸುವಷ್ಟು ಹೊತ್ತು ಉಸಿರು ಬಿಗಿಹಿಡಿದಳು. ಕ್ಯಾಮೆರಾ ಸದ್ದು ಮಾಡಿತು.

ಜೋಯಾ ಓಡಿ ಹೋಗಿ ಪರದೆಯಲ್ಲಿ ನೋಡಿದಳು. ಗಾಯವಿತ್ತು, ಮಚ್ಚೆಯಿತ್ತು, ಕೆನ್ನೆ ತನ್ನ ದಪ್ಪಕ್ಕೆ ತಾನು ಇತ್ತು. ಒಂದು ಕಣ್ಣು ಇನ್ನೊಂದಕ್ಕಿಂತ ಕೊಂಚ ಚಿಕ್ಕದಾಗಿತ್ತು. ಶಿವರಾಮ್ ಕ್ಯಾಮೆರಾಕ್ಕೆ ತಂತಿ ಸಿಕ್ಕಿಸುತ್ತ, ಅಳು ಬಂದವನಂತೆ ಕೇಳಿದ: "ಅಮ್ಮಾ, ತಪ್ಪೆಲ್ಲ ನಂದು. ಮುಖ ಮುಟ್ಟಲ್ಲ, ಆಣೆ. ಬೆಳಕಾದ್ರೂ ಸ್ವಲ್ಪ ಎತ್ತಿಕೊಡ್ಲಾ? ಮಿಷಿನ್ನಿಗೆ ಸುಲಭ ಆಗತ್ತೆ."

"ಬ್ಯಾಡ ಕಣಪ್ಪ. ನೀನು ಒಳ್ಳೇವ್ನು, ಅದ್ಕೇ ನಂಗೆ ಭಯ. ಎಂಗದೆಯೋ ಅಂಗೇ ಕೊಡು. ಮಿಷಿನ್ನು ಒಪ್ಲಿಲ್ಲ ಅಂದ್ರೆ ನಾಳೀಕೂ ಬಂದು ನಿಲ್ತೀನಿ, ನಾಡಿದ್ದೂ ಬಂದು ನಿಲ್ತೀನಿ. ನೀನು ಮಾತ್ರ ಕೈ ಇಡ್ಬ್ಯಾಡ."